12 ಇಂಚಿನ ಹೂಪ್ ಮತ್ತು ನನ್ನ ಕಿರುಬೆರಳು

ರಾತ್ರಿ ಹತ್ತೂವರೆಗೆ ಸೂಜಿ ಕೆಳಗಿಟ್ಟು ಎದ್ದಾಗ ಬಲಗೈಯ ಕಿರುಬೆರಳು ನನ್ನದಲ್ಲವೇನೋ ಎಂಬಂತಿತ್ತು. ಚಿವುಟಿ ನೋಡಿದೆ, ಗೊತ್ತಾಗಲಿಲ್ಲ. ಎರಡು ನಿಮಿಷ ಕೈ ಕೊಡವಿದ ಮೇಲೆ ಜುಮುಜುಮು ಎಂದು ಜೀವ ಬಂತು. ವಿಚಿತ್ರವೆಂದರೆ ನಾನು ಎಡಗೈಯವಳು. ಅಷ್ಟು ಹೊತ್ತು ಸೂಜಿ ಹಿಡಿದು ದುಡಿದ ಎಡಗೈಗೆ ಏನೂ ಆಗಿರಲಿಲ್ಲ. ಹೂಪನ್ನು, ಅಂದರೆ ಕಸೂತಿಯ ಬಟ್ಟೆಯನ್ನು ಎರಡು ಬಳೆಗಳ ನಡುವೆ ಬಿಗಿಹಿಡಿಯುವ ದುಂಡು ಚೌಕಟ್ಟನ್ನು, ಸುಮ್ಮನೆ ಹಿಡಿದುಕೊಂಡಿದ್ದ ಬಲಗೈ ಮರಗಟ್ಟಿತ್ತು.

ಹಾಕುತ್ತಿದ್ದದ್ದು ಒಂದು ದೀಪಸ್ತಂಭದ ಚಿತ್ರ. ನಕ್ಷೆಯಲ್ಲಿ ಅಗಲಕ್ಕೆ 140 ಹೊಲಿಗೆ, ಎತ್ತರಕ್ಕೆ 168. ಬಟ್ಟೆ ಐಡಾ, ಎಣಿಸಿ ಹೊಲಿಯಲೆಂದೇ ಚೌಕ ಚೌಕವಾಗಿ ನೇಯ್ದದ್ದು, ಚೌಕಕ್ಕೊಂದು ಹೊಲಿಗೆ. ನನ್ನದು 14 ಕೌಂಟಿನದು, ಅಂದರೆ ಇಂಚಿಗೆ 14 ಚೌಕ. ಭಾಗಿಸಿದರೆ ಅಗಲ 10 ಇಂಚು, ಎತ್ತರ 12 ಇಂಚು. ಹೆಚ್ಚಿನದು 12, ಆದ್ದರಿಂದ 12 ಇಂಚಿನ ಹೂಪ್ ತಂದರೆ ಇಡೀ ಚಿತ್ರ ಒಳಗೇ ಕೂರುತ್ತದೆ, ಬಟ್ಟೆಯನ್ನು ಮತ್ತೆ ಮತ್ತೆ ಸರಿಸುವ ರಗಳೆ ಇಲ್ಲ ಎಂದು ನನ್ನ ಲೆಕ್ಕ. ದಿನವಿಡೀ ಲೆಕ್ಕಪತ್ರ ನೋಡುವುದೇ ನನ್ನ ಉದ್ಯೋಗ ಎಂಬುದನ್ನು ಇಲ್ಲಿ ನಾಚಿಕೆಯಿಂದಲೇ ಹೇಳಬೇಕು. ದುಂಡಗಿನ ಬಳೆಯೊಳಗೆ ಆಯತವನ್ನು ಕೂರಿಸುವವರು ನೋಡಬೇಕಾದದ್ದು ಎತ್ತರವನ್ನಲ್ಲ, ಮೂಲೆಯಿಂದ ಮೂಲೆಗಿರುವ ಕರ್ಣವನ್ನು. 10 ಮತ್ತು 12ಕ್ಕೆ ಕರ್ಣ 15.6 ಇಂಚು. ನಾಲ್ಕು ಮೂಲೆಗಳೂ ಹೂಪಿನ ಹೊರಗೆ ಉಳಿದವು, ಹೂಪಿನ ಅಂಚು ಚಿತ್ರದ ಆಕಾಶದ ಮೇಲೆಯೇ ಹಾದುಹೋಯಿತು. ಆಕಾಶಕ್ಕೆ ನಕ್ಷೆಯಲ್ಲಿ ಹೊಲಿಗೆಯೇ ಇಲ್ಲ, ಅದು ಬರೀ ಬಟ್ಟೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಕಿರುಬೆರಳಿನ ವಿಷಯ ಮೊದಲು ಮುಗಿಸುತ್ತೇನೆ. ಹೂಪ್ ಹಿಡಿಯುವ ಕೈಯ ಹೆಬ್ಬೆರಳು ಮೇಲೆ, ಉಳಿದ ಬೆರಳುಗಳು ಬಟ್ಟೆಯ ಅಡಿಗೆ ಹೋಗುತ್ತವಷ್ಟೆ. ನನ್ನ ಕೈಯಲ್ಲಿ ಅವು ಅಂಚಿನಿಂದ ಒಳಕ್ಕೆ ಮೂರು ಇಂಚಿನಷ್ಟು ತಲುಪುತ್ತವೆ. 6 ಇಂಚಿನ ಹೂಪಾದರೆ ಬೆರಳ ತುದಿ ಸರಿಯಾಗಿ ನಡುಮಧ್ಯಕ್ಕೆ ಬರುತ್ತದೆ. ಕೆಳಗೆ ಬಂದ ಸೂಜಿಯನ್ನು ಆ ಬೆರಳುಗಳೇ ಹಿಡಿದು ತಿರುಗಿಸಿ ಕೊಡುತ್ತವೆ, ಹೊಲಿಯುವ ಕೈ ಅಲ್ಲಾಡುವುದೇ ಕಡಿಮೆ. 12 ಇಂಚಿನದರಲ್ಲಿ ನಡುಮಧ್ಯ ಆರು ಇಂಚು ದೂರ. ಅಡಿಯ ಬೆರಳುಗಳಿಗೆ ಕೆಲಸವೇ ಇಲ್ಲ. ಎಡಗೈ ಪ್ರತಿ ಹೊಲಿಗೆಗೂ ಅಂಚು ಬಳಸಿ ಕೆಳಗೆ ಹೋಗಬೇಕು, ಮತ್ತೆ ಮೇಲೆ ಬರಬೇಕು. ಅಷ್ಟಗಲದ ಹೂಪನ್ನು ಒಂದೇ ಬದಿಯಿಂದ ಹಿಡಿದಾಗ ಅದರ ಭಾರವೆಲ್ಲ ಮಣಿಕಟ್ಟಿಗೆ. ಅದನ್ನು ತಾಳಲಾರದೆ ನಾನು ಮೊಣಕೈಯನ್ನು ಕುರ್ಚಿಯ ತೋಳಿಗೆ ಊರಿ ಕೂರುತ್ತಿದ್ದೆ. ಕಿರುಬೆರಳಿಗೆ ಹೋಗುವ ನರ ಮೊಣಕೈ ಮೂಳೆಯ ಹಿಂದೆ, ಚರ್ಮಕ್ಕೆ ತೀರ ಹತ್ತಿರದಲ್ಲಿ ಹಾಯುತ್ತದೆ. ಮೊಣಕೈ ಏನಕ್ಕಾದರೂ ಬಡಿದಾಗ ಕರೆಂಟು ಹೊಡೆದಂತಾಗುತ್ತದಲ್ಲ, ಅದೇ ನರ. ಅದನ್ನು ಗಂಟೆಗಟ್ಟಲೆ ಒತ್ತಿಟ್ಟರೆ ಬೆರಳು ಇನ್ನೇನು ಮಾಡೀತು?

ಅಂದಿನಿಂದ ಹೂಪ್ ಆಗಲಿ ಚೌಕಟ್ಟಾಗಲಿ ಆರಿಸುವಾಗ ನಾನು ಚಿತ್ರದ ಅಳತೆಯನ್ನು ಆಮೇಲೆ ನೋಡುತ್ತೇನೆ. ಸೂಜಿ ಹಿಡಿಯದ ಕೈ ಎಲ್ಲಿರುತ್ತದೆ, ಅದು ಎಷ್ಟು ಹೊತ್ತು ಅಲ್ಲಿರಬಲ್ಲದು ಎಂಬುದೇ ಮೊದಲ ಪ್ರಶ್ನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ನಾನು ಬೆರಳು ಚಾಚಿದಷ್ಟೇ ಹೂಪ್ ಕೊಳ್ಳುತ್ತೇನೆ. ಕೈಯಲ್ಲಿ ಹಿಡಿದು ಹೊಲಿಯಲು 6 ಇಂಚು ಹಿತ, 8 ಇಂಚು ನನಗೆ ಕೊನೆಯ ಮಿತಿ.

ಇದನ್ನೆಲ್ಲ ಅಕ್ಕನಿಗೆ ವಿವರಿಸಿದರೆ ಅವಳು ನಗುತ್ತಾಳೆ. ಅಕ್ಕ ಹೂಪನ್ನೇ ಮುಟ್ಟುವವಳಲ್ಲ. ಬಟ್ಟೆಯನ್ನು ಎಡಗೈಯಲ್ಲಿ ಮುದುರಿ ಹಿಡಿದು, ತೋರುಬೆರಳ ಮೇಲೆ ಅಂಗೈಯಗಲದಷ್ಟನ್ನು ಹಾಸಿಕೊಂಡು, ಪ್ರಯಾಣದಲ್ಲೂ ಹೊಲಿಯುತ್ತಾಳೆ. ನಾನು ಹೂಪಿನ ತಿರುಪು ಬಿಗಿ ಮಾಡಿ ಬಟ್ಟೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದರೆ, "ನೀನು ಹೊಲಿಗೆ ಹಾಕುತ್ತೀಯೋ, ಡೋಲು ಬಾರಿಸುತ್ತೀಯೋ?" ಎನ್ನುತ್ತಾಳೆ. ಅವಳಿಗೆ ತಿಳಿಯದೆ ಆಡಿದ ಮಾತು ನಿಜವೇ ಆಗಿದೆ. ಫ್ರೆಂಚ್ ಭಾಷೆಯಲ್ಲಿ ಕಸೂತಿಯ ದುಂಡು ಚೌಕಟ್ಟಿಗೆ ತಾಂಬೂರ್ ಎಂದು ಹೆಸರು, ಆ ಪದದ ಅರ್ಥ ಡೋಲು. 18ನೆಯ ಶತಮಾನದಲ್ಲಿ ಯುರೋಪಿನಲ್ಲಿ ಕೊಕ್ಕೆಸೂಜಿಯ ಸರಪಳಿ ಹೊಲಿಗೆ ಜನಪ್ರಿಯವಾದಾಗ ಆ ಕಸೂತಿಗೂ ಅದೇ ಹೆಸರು ಅಂಟಿಕೊಂಡಿತು.

ಆದರೆ ಅಕ್ಕನ ಕೆಲಸ ನನ್ನದಕ್ಕಿಂತ ಕೀಳಲ್ಲ. ಹಿಂಬದಿ ತಿರುಗಿಸಿ ನೋಡಿದರೆ ಹೊಟ್ಟೆ ಉರಿಯುತ್ತದೆ, ಅಷ್ಟು ಚೊಕ್ಕ. ಬಹಳ ದಿನ ನನಗೆ ಇದು ಅರ್ಥವಾಗಿರಲಿಲ್ಲ. ಒಮ್ಮೆ ಪಕ್ಕದಲ್ಲೇ ಕುಳಿತು ಅವಳ ಕೈಯನ್ನೇ ನೋಡಿದೆ. ಅವಳ ಸೂಜಿ ಒಂದು ರಂಧ್ರದಲ್ಲಿ ಇಳಿದು, ಅದೇ ಚಲನೆಯಲ್ಲಿ ಮುಂದಿನ ರಂಧ್ರದಿಂದ ಮೂತಿ ಹೊರಹಾಕುತ್ತದೆ. ಸೂಜಿ ಪೂರ್ತಿ ಬಟ್ಟೆಯ ಹಿಂದೆ ಹೋಗುವುದೇ ಇಲ್ಲ. ಬಟ್ಟೆ ಬಾಗಿದರೆ ಮಾತ್ರ ಹೀಗೆ ಮಾಡಲು ಸಾಧ್ಯ. ನಾನು ಮಾಡುವುದು ಬೇರೆ: ಮೇಲಿನಿಂದ ನೇರ ಕೆಳಕ್ಕೆ ಚುಚ್ಚಿ ದಾರವನ್ನೆಲ್ಲ ಎಳೆದು, ಮತ್ತೆ ಕೆಳಗಿನಿಂದ ನೇರ ಮೇಲಕ್ಕೆ. ಇದಕ್ಕೆ ಬಟ್ಟೆ ಬಿಗಿಯಾಗಿರಬೇಕು. ಆದ್ದರಿಂದ ಯಾವ ಚೌಕಟ್ಟು ಒಳ್ಳೆಯದು ಎಂದು ಕೇಳುವವರನ್ನು ನಾನು ಮೊದಲು ಹೊಲಿದು ತೋರಿಸಿ ಎನ್ನುತ್ತೇನೆ. ಅಕ್ಕನಂತೆ ಎತ್ತಿ ಎತ್ತಿ ಹೊಲಿಯುವವರಿಗೆ ಬಿಗಿಯಾದ ಚೌಕಟ್ಟು ಕಾಲಿಗೆ ಕಟ್ಟಿದ ಗುಂಡುಕಲ್ಲು. ಗಂಜಿ ಹಾಕಿದ ಐಡಾ ತಾನಾಗಿಯೇ ಸೆಟೆದು ನಿಲ್ಲುತ್ತದೆ, ಅವರಿಗೆ ಅಷ್ಟೇ ಸಾಕು.

ಬಿಗಿ ಎಂದರೆ ಎಷ್ಟು ಬಿಗಿ ಎಂಬುದಕ್ಕೂ ಒಂದು ಮಾತು. ಆರಂಭದಲ್ಲಿ ನಾನು ಡೋಲಿನ ಸದ್ದು ಬರುವವರೆಗೂ ಬಿಡುತ್ತಿರಲಿಲ್ಲ. ಅದರಿಂದ ಹೊಲಿಗೆಗೆ ವಿಶೇಷ ಲಾಭವಾಗಲಿಲ್ಲ, ತಿರುಪು ತಿರುಗಿಸಿ ಹೆಬ್ಬೆರಳಿಗೆ ಬೊಕ್ಕೆ ಬಂತು. ಈಗ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಂದಿಷ್ಟು ತಗ್ಗಿ, ಬಿಟ್ಟೊಡನೆ ಮೇಲೇಳುವಷ್ಟು ಬಿಗಿ ಇದ್ದರೆ ಸುಮ್ಮನಾಗುತ್ತೇನೆ. ಮುಖ್ಯವಾದದ್ದು ಎಳೆಯುವ ದಿಕ್ಕು. ಬಟ್ಟೆಯನ್ನು ಹಾಸು ಮತ್ತು ಹೊಕ್ಕಿನ ನೇರಕ್ಕೆ, ಮೇಲೆ ಕೆಳಗೆ ಎಡ ಬಲ, ಎಳೆಯಬೇಕು. ಮೂಲೆ ಹಿಡಿದು ಓರೆಯಾಗಿ ಜಗ್ಗಿದರೆ ಚೌಕಗಳೆಲ್ಲ ವಜ್ರಾಕಾರವಾಗುತ್ತವೆ. ಆಗ ಹಾಕಿದ ಹೊಲಿಗೆ ಹೂಪ್ ಬಿಚ್ಚಿದ ಮೇಲೆ ಒಂದು ಕಡೆಗೆ ವಾಲಿಕೊಂಡು ನಿಲ್ಲುತ್ತದೆ. ಬಟ್ಟೆ ಜೋಲುಬಿದ್ದಿದ್ದರೆ ಬೇರೊಂದು ತೊಂದರೆ: ದಾರ ಎಳೆಯುವಾಗ ಕೈಗೆ ಅಂದಾಜು ಸಿಗುವುದಿಲ್ಲ, ಒಂದು ಹೊಲಿಗೆ ಹೆಚ್ಚು ಬಿಗಿದು ರಂಧ್ರ ಅಗಲವಾಗುತ್ತದೆ, ಪಕ್ಕದ್ದು ಉಬ್ಬಿ ಕೂರುತ್ತದೆ.

ಇನ್ನು ಮರದ ಹೂಪ್. ಎಷ್ಟೋ ಚೌಕಟ್ಟುಗಳನ್ನು ಕೊಂಡು ಕೊನೆಗೆ ನಾನು ಮರಳಿದ್ದು ಇದಕ್ಕೇ. ಕೊಳ್ಳುವಾಗ ಒಳಬಳೆಯನ್ನು ಹೊರಬಳೆಯೊಳಗೆ ಕೂರಿಸಿ, ತಿರುಪು ಬಿಗಿ ಮಾಡಿ, ಬೆಳಕಿಗೆ ಹಿಡಿದು ನೋಡಿ. ಎರಡರ ನಡುವೆ ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಅಲ್ಲಿ ಬಟ್ಟೆ ಜಾರುತ್ತದೆ ಎಂದೇ ಅರ್ಥ. ಅಗ್ಗದ ಹೂಪುಗಳು ತಿರುಪಿನ ಬಳಿಯೇ ಬಾಯಿ ಬಿಟ್ಟಿರುತ್ತವೆ. ಒಳಮೈಯನ್ನು ಬೆರಳಿನಿಂದ ಸವರಿ ಸಿಬಿರು ಇದೆಯೇ ನೋಡಬೇಕು. ತಿರುಪಿನ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳು ಇದ್ದರೆ ಇನ್ನೂ ಒಳ್ಳೆಯದು, ಬೊಕ್ಕೆ ತಪ್ಪುತ್ತದೆ.

ಕೊಂಡ ಹೂಪನ್ನು ಹಾಗೆಯೇ ಬಳಸುವುದು ಬೇಡ. ಒಳಬಳೆಗೆ ಹತ್ತಿಯ ಪಟ್ಟಿ ಸುತ್ತಬೇಕು. ಅರ್ಧ ಇಂಚು ಅಗಲದ್ದು ಸಾಕು. ಒಂದು ತುದಿಯನ್ನು ಬಳೆಯ ಒಳಬದಿಗೆ ಹಿಡಿದು, ಓರೆಯಾಗಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದ ಮೇಲೆ ಬರುವಂತೆ ಎಳೆದೆಳೆದು ಸುತ್ತುತ್ತಾ ಹೋಗಬೇಕು. ನಡುವೆ ಕೈ ಸಡಿಲಿಸಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ, ನನ್ನದು ಎರಡು ಸಲ ಬಿಚ್ಚಿಕೊಂಡಿತು. ಕೊನೆಯ ತುದಿಯನ್ನು ಒಳಬದಿಗೇ ತಂದು ನಾಲ್ಕಾರು ಹೊಲಿಗೆ ಹಾಕಿದರೆ ಮುಗಿಯಿತು. ಅಂಟು ಹಾಕಬೇಡಿ, ಪಟ್ಟಿ ಕೊಳೆಯಾದಾಗ ಬಿಚ್ಚಿ ಒಗೆಯಲು ಬರಬೇಕು. ಸುತ್ತಿದ ಮೇಲೆ ಒಳಬಳೆ ಸ್ವಲ್ಪ ದಪ್ಪವಾಗುತ್ತದೆ, ತಿರುಪನ್ನು ಮೊದಲಿಗಿಂತ ಹೆಚ್ಚು ಸಡಿಲಿಸಬೇಕಾಗುತ್ತದೆ. ಬಟ್ಟೆ ಮರದ ಮೇಲೆ ಜಾರುವಂತೆ ಈ ಪಟ್ಟಿಯ ಮೇಲೆ ಜಾರುವುದಿಲ್ಲ, ಅಂಚಿನ ಗುರುತೂ ಅಷ್ಟು ಆಳಕ್ಕೆ ಬೀಳುವುದಿಲ್ಲ. ಅರ್ಧ ಗಂಟೆಯ ಈ ಕೆಲಸದಿಂದ ಸಾಧಾರಣ ಹೂಪ್ ಕೂಡ ದುಬಾರಿ ಹೂಪಿನ ಸಮಕ್ಕೆ ನಿಲ್ಲುತ್ತದೆ. ಮೊದಲ ಮೂರು ವರ್ಷ ಇದನ್ನು ನನಗೆ ಯಾರೂ ಹೇಳಲಿಲ್ಲವಲ್ಲ ಎಂಬ ಸಿಟ್ಟು ಈಗಲೂ ಇದೆ.

ತಿರುಪು ಎಲ್ಲಿರಬೇಕು ಎಂಬುದರಲ್ಲಿ ಎಡಗೈಯವರಿಗೆ ಸದಾ ತಪ್ಪು ಸಲಹೆ ಸಿಗುತ್ತದೆ. ಗಡಿಯಾರದ ಮುಖದಲ್ಲಿ ಹತ್ತು, ಹನ್ನೊಂದು ಗಂಟೆ ಇರುವ ಜಾಗಕ್ಕೆ ತಿರುಪು ಬರಲಿ ಎನ್ನುವುದು ರೂಢಿ. ಬಲಗೈಯವರ ದಾರ ಅಲ್ಲಿ ಓಡಾಡುವುದಿಲ್ಲ, ಸಿಕ್ಕಿಕೊಳ್ಳುವುದಿಲ್ಲ. ಅದನ್ನೇ ನಂಬಿ ನಾನೂ ಹಾಗೆಯೇ ಇಟ್ಟುಕೊಂಡು ಹತ್ತು ಹೊಲಿಗೆಗೊಮ್ಮೆ ದಾರವನ್ನು ತಿರುಪಿನಿಂದ ಬಿಡಿಸುತ್ತಿದ್ದೆ. ನಮಗೆ ಅದು ಒಂದು, ಎರಡು ಗಂಟೆಯ ಜಾಗದಲ್ಲಿರಬೇಕು. ಇಷ್ಟು ಸರಳ. ಕನ್ನಡಿಯಲ್ಲಿ ನೋಡಿಕೊಂಡಿದ್ದರೂ ಹೊಳೆಯುತ್ತಿತ್ತು.

ಒಳಬಳೆ ಲೋಹದ ಸ್ಪ್ರಿಂಗ್ ಆಗಿರುವ ಹೂಪುಗಳೂ ಇವೆ, ಹಿಡಿಕೆ ಒತ್ತಿ ಹೊರಬಳೆಯ ಕಾಲುವೆಯೊಳಗೆ ಕೂರಿಸುವಂಥವು. ಹಾಕುವುದು ತೆಗೆಯುವುದು ಕ್ಷಣದ ಕೆಲಸ, ತಿರುಪಿನ ಗೋಜಿಲ್ಲ. ಆದರೆ ಆ ಹಿಡಿಕೆಗಳಿಗೆ ದಾರ ಸಿಕ್ಕಿಕೊಳ್ಳುವುದನ್ನು ಸಹಿಸುವ ತಾಳ್ಮೆ ನನಗಿಲ್ಲ. ಅಂಡಾಕಾರದ ಹೂಪನ್ನು ಗೋಡೆಗೆ ತೂಗುಹಾಕಲು ಮಾತ್ರ ಬಳಸಿ. ಅದರ ಉದ್ದದ ಬದಿಗಳು ಬಟ್ಟೆಯನ್ನು ಬಿಗಿಯಾಗಿ ಕಚ್ಚುವುದೇ ಇಲ್ಲ.

ಕಿರುಬೆರಳಿನ ಪ್ರಸಂಗದ ನಂತರ ನಾನು ತಂದದ್ದು ಪ್ಲಾಸ್ಟಿಕ್ ಪೈಪಿನ ಚೌಕಟ್ಟು. ನಾಲ್ಕು ಪೈಪು, ನಾಲ್ಕು ಮೂಲೆ, ಬಟ್ಟೆಯ ಮೇಲಿನಿಂದ ಪೈಪಿಗೆ ಕಚ್ಚಿಸುವ ನಾಲ್ಕು ಅರ್ಧಗೊಳವೆಯ ಕ್ಲಿಪ್ಪು. ಬಟ್ಟೆ ಹಾಸಿ, ಎದುರುಬದುರಿನ ಕ್ಲಿಪ್ಪುಗಳನ್ನು ಕೂರಿಸಿ, ಕೊನೆಗೆ ಒಂದೊಂದನ್ನೂ ಹೊರಮುಖವಾಗಿ ತುಸು ತಿರುಗಿಸಿದರೆ ಬಟ್ಟೆ ಸೆಳೆದುಕೊಳ್ಳುತ್ತದೆ. ಆ ತಿರುಗಿಸುವಿಕೆಯಲ್ಲಿ ಒಂದು ಸುಖವಿದೆ, ಪಿಟೀಲಿನ ಬಿರಡೆ ತಿರುಗಿಸಿದಂತೆ. ಸಡಿಲವಾದಾಗಲೂ ಏನನ್ನೂ ಬಿಚ್ಚಬೇಕಿಲ್ಲ, ಮತ್ತೊಂದಿಷ್ಟು ತಿರುಗಿಸಿದರಾಯಿತು. ಸಡಿಲವಂತೂ ಆಗಿಯೇ ಆಗುತ್ತದೆ. ಅದರಲ್ಲೂ ತೆಳು ಬಟ್ಟೆ ಗಂಟೆಯೊಳಗೆ ಜಾರಲು ತೊಡಗುತ್ತದೆ. ಪೈಪಿನ ಮೇಲೆ ಹಳೆಯ ಹತ್ತಿಬಟ್ಟೆಯ ತುಂಡೊಂದನ್ನು ಹಾಸಿ ಅದರ ಮೇಲೆ ಐಡಾ ಹಾಸಿದ ಮೇಲೆ ನನ್ನದು ಸಂಜೆಯವರೆಗೂ ನಿಲ್ಲತೊಡಗಿತು. ಮಡಿಲಲ್ಲಿಟ್ಟು ಮೇಜಿನ ಅಂಚಿಗೆ ಒರಗಿಸಿ ಹೊಲಿಯಲು 11 ಇಂಚಿನದು ಸೊಗಸು. ಕೈಯಲ್ಲಿ ಎತ್ತಿ ಹಿಡಿದು ಹೊಲಿಯಲು ಆ ಅಳತೆ ಬೇಡ, ಮತ್ತೆ ಮೊಣಕೈಯ ಕಥೆಯೇ ಆಗುತ್ತದೆ.

ಸುರುಳಿ ಚೌಕಟ್ಟಿನ ಬಗ್ಗೆ ಬರೆಯುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ. ತಪ್ಪು ಅದರದ್ದಲ್ಲ, ನನ್ನದು. ಮೇಲೊಂದು ಕೆಳಗೊಂದು ಉರುಳುಗೋಲು, ಅವುಗಳಿಗೆ ಅಂಟಿಸಿದ ಪಟ್ಟಿ. ಆ ಪಟ್ಟಿಗೆ ಬಟ್ಟೆಯ ಎರಡು ಅಂಚುಗಳನ್ನು ಹೊಲಿದು ಸುತ್ತಬೇಕು, ಹೊಲಿಯುವ ಭಾಗ ಮಾತ್ರ ನಡುವೆ ತೆರೆದಿರುತ್ತದೆ. ಉದ್ದನೆಯ ಚಿತ್ರಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಬಟ್ಟೆಯ ಅಗಲ ಪಟ್ಟಿಯ ಉದ್ದವನ್ನು ಮೀರದಿದ್ದರೆ ಸಾಕು. ನಾನು ಟಿ.ವಿ. ನೋಡುತ್ತಾ ಮೇಲಿನ ಅಂಚು ಹೊಲಿದೆ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬರುವಷ್ಟರಲ್ಲಿ ನಾಲ್ಕು ಚೌಕದಷ್ಟು ಓರೆಯಾಗಿತ್ತು. ಸುತ್ತಿ ಬಿಗಿ ಮಾಡಿದಾಗ ಬಟ್ಟೆಯ ಒಂದು ಪಕ್ಕ ತಂತಿಯಂತೆ, ಇನ್ನೊಂದು ಪಕ್ಕ ಒಗೆದು ಹರವಿದ ಪಂಚೆಯಂತೆ. ಆದರೂ ಹಟದಿಂದ ಎರಡು ವಾರ ಹೊಲಿದೆ, ಆಮೇಲೆ ಅದನ್ನೆಲ್ಲ ಬಿಚ್ಚಿದೆ. ಅಂಚನ್ನು ಒಂದೇ ಎಳೆಯ ಸಾಲನ್ನು ಹಿಡಿದು ಹೊಲಿಯಿರಿ, ನಡುವಿನಿಂದ ಶುರುಮಾಡಿ ಎರಡೂ ಕೊನೆಗಳ ಕಡೆಗೆ ಹೋಗಿ. ಎಡಬಲ ಪಕ್ಕಗಳನ್ನು ಉರುಳುಗೋಲುಗಳು ಬಿಗಿ ಮಾಡುವುದಿಲ್ಲ, ಅಲ್ಲಿ ದಪ್ಪ ದಾರದಿಂದ ಬಟ್ಟೆಯ ಅಂಚನ್ನು ಚೌಕಟ್ಟಿನ ಕಂಬಕ್ಕೆ ಹೆಣೆದು ಕಟ್ಟಬೇಕು. ಮುಂದಕ್ಕೆ ಸುತ್ತುವಾಗಲೆಲ್ಲ ಆ ಹೆಣಿಗೆ ಬಿಚ್ಚಿ ಮತ್ತೆ ಕಟ್ಟಬೇಕು. ಇದೇ ಜಾತಿಯ ಹಳೆಯ ಚೌಕಟ್ಟಿನಲ್ಲಿ ತಿರುಪಿನ ಬದಲು ಕಂಬಗಳಲ್ಲಿ ಸಾಲು ರಂಧ್ರ, ಅವಕ್ಕೆ ಗೂಟ ಇರುತ್ತದೆ. ಬಿಗಿಯಲ್ಲಿ ಅದನ್ನು ಮೀರಿಸುವಂಥದ್ದು ಬೇರೊಂದಿಲ್ಲ, ಆದರೆ ಬಟ್ಟೆ ಏರಿಸುವುದಕ್ಕೇ ಒಂದು ಗಂಟೆ ಬೇಕು. ದೊಡ್ಡ ಕೆಲಸ ಹಿಡಿದು ತಿಂಗಳುಗಟ್ಟಲೆ ಬಟ್ಟೆ ತೆಗೆಯದವರಿಗೆ ಅದು.

32 ಕೌಂಟಿನ ಲಿನನ್ ಮೇಲೆ ಎರಡೆರಡು ಎಳೆ ದಾಟಿ ಹೊಲಿದಾಗ, ಅಂದರೆ ಇಂಚಿಗೆ 16 ಹೊಲಿಗೆ, ನಾನು ನೆಚ್ಚಿದ್ದು ನಾಲ್ಕು ಮರದ ಪಟ್ಟಿಗಳನ್ನು ಮೂಲೆಗಳಲ್ಲಿ ಕೂಡಿಸಿದ ಸಾದಾ ಚೌಕಟ್ಟನ್ನು, ಚಿತ್ರಕಾರರು ಕ್ಯಾನ್ವಾಸ್ ಹೊಡೆಯುತ್ತಾರಲ್ಲ ಅಂಥದ್ದು. ಬಟ್ಟೆಯನ್ನು ಡ್ರಾಯಿಂಗ್ ಪಿನ್ನುಗಳಿಂದ ಸುತ್ತಲೂ ಚುಚ್ಚಿ ನಿಲ್ಲಿಸಿದೆ. ಪ್ರತಿ ಬದಿಯ ನಡುವೆ ಮೊದಲ ಪಿನ್ನು, ಆಮೇಲೆ ಮೂಲೆಗಳತ್ತ. ಚಿತ್ರ ಪೂರ್ತಿ ಕಣ್ಣೆದುರಿಗಿರುತ್ತದೆ, ಹಾಕಿದ ಹೊಲಿಗೆಯ ಮೇಲೆ ಯಾವ ಬಳೆಯೂ ಒತ್ತುವುದಿಲ್ಲ. ಮಣಿ, ಗಂಟುಹೊಲಿಗೆ, ಜರಿದಾರ ಇರುವ ಕೆಲಸಕ್ಕೆ ಇದನ್ನೇ ಆರಿಸಿಕೊಳ್ಳಿ. ಹೂಪಿನ ಅಂಚು ಹಾದರೆ ಗಂಟುಗಳು ಚಪ್ಪಟೆಯಾಗಿ ಹೋಗುತ್ತವೆ. ಕೊರತೆಯೆಂದರೆ ಚೌಕಟ್ಟು ಚಿತ್ರಕ್ಕಿಂತ ದೊಡ್ಡದಿರಲೇಬೇಕು, ಚೀಲದಲ್ಲಿ ಹಾಕಿಕೊಂಡು ಹೋಗುವಂತಿಲ್ಲ.

ಇಂಥ ದೊಡ್ಡ ಚೌಕಟ್ಟುಗಳು ಕೈಗೆ ಸೇರಿದವಲ್ಲ, ಅವಕ್ಕೆ ಸ್ಟ್ಯಾಂಡ್ ಬೇಕು. ನೆಲದ ಮೇಲೆ ನಿಲ್ಲುವುದೋ, ಮೇಜಿಗೆ ಕಚ್ಚಿಕೊಳ್ಳುವುದೋ, ತೊಡೆಯಡಿಗೆ ಹಲಗೆ ಸರಿಸಿ ಕೂರುವುದೋ, ಯಾವುದಾದರೂ ಸರಿ. ಸ್ಟ್ಯಾಂಡ್ ಬಂದರೆ ಎರಡೂ ಕೈ ಬಿಡುವಾಗುತ್ತವೆ, ಒಂದು ಮೇಲೆ, ಒಂದು ಕೆಳಗೆ. ರೂಢಿಯ ಕೈ ಕೆಳಗಿರಲಿ ಎಂದು ಬಲ್ಲವರು ಹೇಳುತ್ತಾರೆ. ಕಾಣದ ಕಡೆಯಿಂದ ರಂಧ್ರ ಹುಡುಕುವುದು ಹೆಚ್ಚು ಕಷ್ಟದ ಕೆಲಸ, ಅದನ್ನು ಜಾಣ ಕೈಗೆ ಕೊಡಬೇಕಂತೆ. ಮೊದಲ ವಾರ ನನ್ನ ಬಲಗೈ ಮೇಲೆ ಕುಳಿತು ಮಗುವಿನ ಹಾಗೆ ತಡವರಿಸಿತು. ಮೂರನೆಯ ವಾರ ಲಯ ಹತ್ತಿತು: ಟಪ್ ಎಂದು ಸೂಜಿ ಇಳಿಯುವುದು, ಸರ್ ಎಂದು ದಾರ ಹಿಂಬಾಲಿಸುವುದು, ಮತ್ತೆ ಟಪ್. ಬಿಗಿಯಾದ ಬಟ್ಟೆಯ ಈ ಸದ್ದಿಗಾಗಿಯೇ ಹೊಲಿಯುತ್ತೇನೇನೋ ಎಂದು ಕೆಲವೊಮ್ಮೆ ಅನುಮಾನ ಬರುತ್ತದೆ.

ಈಗ ಆ ದೀಪಸ್ತಂಭ. ಕಿರುಬೆರಳಿನ ಮುನಿಸಿನಲ್ಲಿ ಅದನ್ನು ಹೂಪಿನ ಸಮೇತ ಕಪಾಟಿನ ಮೇಲಿಟ್ಟು ಮೂರು ತಿಂಗಳು ಮರೆತೆ. ಹೊಲಿಗೆ ಮುಗಿಸಿದಾಗಲೆಲ್ಲ ಹೂಪ್ ಬಿಚ್ಚಿಡಬೇಕು ಎಂಬುದು ಗೊತ್ತಿಲ್ಲದ ವಿಷಯವೇನಲ್ಲ. ತೆಗೆದು ನೋಡಿದರೆ ಆಕಾಶದ ಎರಡೂ ಮೂಲೆಗಳಲ್ಲಿ ಹೂಪಿನ ಅಂಚು ಕೂತಿದ್ದ ಕಡೆ ಕಂದು ಬಣ್ಣದ ಕಮಾನು. ಬಟ್ಟೆಯ ಮಡಿಕೆಯ ಗುರುತಾಗಿದ್ದರೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಹೋಗುತ್ತಿತ್ತು. ಇದು ಧೂಳು, ಕೈಯ ಜಿಡ್ಡು, ಮರದ ಬಣ್ಣ ಮೂರೂ ಕೂಡಿ ಕೂತ ಕಲೆ. ಉಗುರುಬೆಚ್ಚಗಿನ ನೀರಿಗೆ ಸೌಮ್ಯ ಸೋಪು ಹಾಕಿ ರಾತ್ರಿಯಿಡೀ ನೆನೆಸಿದೆ, ಎಡಗಡೆಯದು ಹೋಯಿತು. ಮತ್ತೊಮ್ಮೆ ನೆನೆಸಿದೆ. ಬಲಗಡೆಯದು ತೆಳುವಾಯಿತು, ಹೋಗಲಿಲ್ಲ. ಟವೆಲಿನ ಮೇಲೆ ಮಗುಚಿ ಹಾಕಿ ಇಸ್ತ್ರಿ ಮಾಡಿ ನೋಡಿದರೆ ಬೆಳಕಿನಲ್ಲಿ ಇನ್ನೂ ಕಾಣುತ್ತಿತ್ತು.

ಅಕ್ಕ ನೋಡಿದಳು. ಬೈಯಲಿಲ್ಲ, ನಗಲೂ ಇಲ್ಲ. "ಬೂದು ದಾರ ಉಳಿದಿದೆಯೇನೇ?" ಎಂದು ಮಾತ್ರ ಕೇಳಿದಳು. ಉಳಿದಿತ್ತು. 6 ಇಂಚಿನ ಹೂಪಿಗೆ ಪಟ್ಟಿ ಸುತ್ತಿ, ತಿರುಪನ್ನು ಎರಡು ಗಂಟೆಯ ಜಾಗಕ್ಕೆ ತಿರುಗಿಸಿ, ಆ ಮೂಲೆಯನ್ನಷ್ಟೇ ಬಿಗಿ ಮಾಡಿಕೊಂಡು ಕುಳಿತೆ. ಕಮಾನಿನ ಗುಂಟ ಏಳು ಕಡಲಹಕ್ಕಿಗಳನ್ನು ಹಾಕಿದೆ, ಒಂದೊಂದಕ್ಕೂ ಹದಿಮೂರು ಹೊಲಿಗೆ. ನಕ್ಷೆಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಮನೆಗೆ ಬಂದವರೆಲ್ಲ ಮೊದಲು ಹೊಗಳುವುದು ಅವನ್ನೇ. ಐದನೆಯ ಮತ್ತು ಆರನೆಯ ಹಕ್ಕಿಯ ನಡುವೆ ಕಲೆ ಇನ್ನೂ ಒಂದು ಬೆರಳಿನಷ್ಟು ಕಾಣುತ್ತದೆ. ಮೋಡವೆಂದು ಹೇಳುತ್ತೇನೆ.